ಮಗಳನ್ನು ಕರೆತಂದ ಕೋಚ್ ಬಿಟ್ಟು ಹೋದರು, ಈಗೇನು ಮಾಡೋದು?

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರ ಇರುವವರು, ಊರು ಶಿವಮೊಗ್ಗ. ಮಗಳು ಟ್ರಿಪಲ್ ಜಂಪ್ ಮಾಡುತ್ತಾಳೆ. ಡಿವಿಷನ್ ಒನ್ (ಕಾಲೇಜು ಕ್ರೀಡೆಯ ಅತಿ ಮೇಲಿನ ದರ್ಜೆ) ವಿಶ್ವವಿದ್ಯಾಲಯವೊಂದರಲ್ಲಿ ಅರ್ಧ ಸ್ಕಾಲರ್‌ಶಿಪ್ ಮೇಲೆ ಬಯೋಮೆಡಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ, ಮೊದಲ ವರ್ಷ ಈಗಷ್ಟೇ ಮುಗಿಯಿತು. ಅವಳು ಹೈಸ್ಕೂಲಲ್ಲಿದ್ದಾಗಿನಿಂದ ಬೆನ್ನುಹತ್ತಿ, ನಮ್ಮ ಮನೆಗೂ ಬಂದು ಊಟ ಮಾಡಿ ಹೋಗಿದ್ದ ಜಂಪ್ಸ್ ಕೋಚ್ ಜುಲೈ ಮೊದಲ ವಾರ ಇದ್ದಕ್ಕಿದ್ದಂತೆ ಬೇರೆ ಯೂನಿವರ್ಸಿಟಿ ಸೇರಿಬಿಟ್ಟರು. ಅದಾದ ಮೇಲೆ ಮಗಳ ಮೆಸೇಜಿಗೂ ಉತ್ತರವಿಲ್ಲ. ಇಲ್ಲಿ ಕೋಚ್‌ಗಳು ಇಷ್ಟೊಂದು ಸಲೀಸಾಗಿ ಯಾಕೆ ಬಿಟ್ಟು ಹೋಗುತ್ತಾರೆ? ಇವಳೂ ಅವರ ಹಿಂದೆ ಹೋಗಬೇಕೇ? ನಾನು ಹೆಡ್ ಕೋಚ್‌ಗೆ ಒಂದು ಖಾರವಾದ ಮೇಲ್ ಬರೆದು ಇಟ್ಟುಕೊಂಡಿದ್ದೇನೆ, ಕಳಿಸಲೇ?

ಉತ್ತರ: ಮೇಡಂ, ಮೊದಲು ಆ ಮೆಸೇಜಿನ ವಿಷಯ, ಏಕೆಂದರೆ ನಿಮ್ಮ ಪತ್ರದಲ್ಲಿ ಅತಿ ಹೆಚ್ಚು ನೋವಿರುವುದು ಅಲ್ಲಿಯೇ. ಆ ಕೋಚ್ ಉತ್ತರಿಸದೇ ಇರುವುದಕ್ಕೆ ನಿಯಮದ ಕಾರಣವಿದೆ. ಅವರು ಈಗ ಇನ್ನೊಂದು ಸಂಸ್ಥೆಯ ನೌಕರ. ನಿಮ್ಮ ಮಗಳ ಹೆಸರು ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ (ಕಾಲೇಜು ಬದಲಿಸಬಯಸುವ ಅಥ್ಲೀಟುಗಳ ಆನ್‌ಲೈನ್ ಪಟ್ಟಿ) ಇಲ್ಲದಿರುವಾಗ ಅವರು ಅವಳ ಜೊತೆ ಸೇರ್ಪಡೆಯ ಮಾತಾಡಿದರೆ, ಕಾಲೇಜು ಕ್ರೀಡೆಗಳ ನಿಯಮ ಮಾಡುವ ಸಂಸ್ಥೆ ಎನ್‌ಸಿಎಎ ಅದನ್ನು ಬೇರೆ ತಂಡದ ಅಥ್ಲೀಟನ್ನು ಸೆಳೆಯುವ ಅಪರಾಧವೆಂದು ನೋಡುತ್ತದೆ. 'ಹೇಗಿದ್ದೀಯಮ್ಮ' ಎಂದು ಕೇಳುವುದಕ್ಕೆ ಅಡ್ಡಿಯಿಲ್ಲ, ನಿಜ. ಆದರೆ ಹೊಸ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಹಳೆಯ ಅಥ್ಲೀಟುಗಳ ಫೋನಿನಲ್ಲಿ ತನ್ನ ಹೆಸರು ಕಾಣುವುದು ಯಾವ ಕೋಚಿಗೂ ಬೇಡದ ರಗಳೆ. ಹೋಗುವ ಮೊದಲು ಕೂರಿಸಿ ನಾಲ್ಕು ಮಾತು ಹೇಳಿ ಹೋಗಬಹುದಿತ್ತು, ಅದು ಅವರ ತಪ್ಪೇ. ಆಮೇಲಿನ ಮೌನವನ್ನು ಮಾತ್ರ ಅವರ ಗುಣದ ಲೆಕ್ಕಕ್ಕೆ ಬರೆಯಬೇಡಿ.

ಇನ್ನು ಯಾಕೆ ಹೋಗುತ್ತಾರೆ ಎನ್ನುವುದು. ನಮ್ಮ ಕಡೆ ಕೋಚ್ ಎಂದರೆ ಸಾಯ್‌ನಲ್ಲೋ ಯುವಜನ ಸೇವಾ ಇಲಾಖೆಯಲ್ಲೋ ಇರುವವರು, ಮೇಲಿನವರು ವರ್ಗ ಮಾಡಿದರೆ ಹೋಗುತ್ತಾರೆ. ಅಮೆರಿಕದ ಕಾಲೇಜು ಕೋಚ್‌ಗೆ ವರ್ಗಾವಣೆ ಇಲ್ಲ, ಬಡ್ತಿಯ ಪಟ್ಟಿಯೂ ಇಲ್ಲ. ಇರುವ ಜಾಗದಲ್ಲೇ ಕೂತರೆ ಸಂಬಳ ಏರುವುದು ಅಪರೂಪ, ಏರಬೇಕಾದರೆ ಊರು ಬದಲಿಸಬೇಕು. ಹೆಚ್ಚಿನವರು ಶುರು ಮಾಡುವುದು ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ: ಎಂಎಸ್ ಫೀಸು ಮಾಫಿ, ಕೈಗೊಂದಿಷ್ಟು ಭತ್ಯೆ, ಅದಕ್ಕೆ ಬದಲಾಗಿ ಬೆಳಿಗ್ಗೆ ಐದೂವರೆಗೆ ಮರಳು ಗುಂಡಿ ಕೆದಕುವುದರಿಂದ ಹಿಡಿದು ರಾತ್ರಿ ವ್ಯಾನ್ ಓಡಿಸುವ ತನಕ ಎಲ್ಲ ಕೆಲಸ. 2023ರ ಜುಲೈ 1ರ ತನಕ 'ವಾಲಂಟಿಯರ್ ಕೋಚ್' ಎಂಬ ಹುದ್ದೆಯೇ ಇತ್ತು. ಸಂಬಳ ಕೊಡಬಾರದು ಎಂದೇ ನಿಯಮ! ಮೈದಾನದಲ್ಲಿ ಪಕ್ಕದವನಷ್ಟೇ ದುಡಿಯುವವನು ಬಾಡಿಗೆ ಕಟ್ಟಲು ಸಂಜೆ ಇನ್ನೊಂದು ಕೆಲಸ ಮಾಡಬೇಕಿತ್ತು. ಆ ವರ್ಗವನ್ನು ಎನ್‌ಸಿಎಎ ತೆಗೆದುಹಾಕಿತು, ಕೋರ್ಟು ಕೇಸುಗಳೂ ನಡೆದವು. ಆದರೆ ಸಂಬಳ ಕೊಡಬಹುದು ಎಂದಾಕ್ಷಣ ಎಲ್ಲ ಕಡೆ ದುಡ್ಡು ಹುಟ್ಟುವುದಿಲ್ಲವಲ್ಲ. ಅಲ್ಲಿಂದ ಸಣ್ಣ ಕಾಲೇಜು, ಡಿವಿಷನ್ ಟೂ, ಆಮೇಲೆ ಡಿವಿಷನ್ ಒನ್‌ನಲ್ಲಿ ಒಂದು ಅಸಿಸ್ಟೆಂಟ್ ಜಾಗ. ಈ ಏಣಿಯ ಒಂದೊಂದು ಮೆಟ್ಟಿಲೂ ಒಂದೊಂದು ರಾಜ್ಯದಲ್ಲಿರುತ್ತದೆ. ಮದುವೆಯಾಗಿ ಮಕ್ಕಳಾದ ಮೇಲೆ ಈ ಓಡಾಟ ಸಾಕೆಂದು ವೃತ್ತಿಯನ್ನೇ ಬಿಡುವವರು, ಅದರಲ್ಲೂ ಹೆಣ್ಣುಮಕ್ಕಳು, ಬಹಳ. ಮಹಿಳಾ ತಂಡಗಳಿಗೂ ಮಹಿಳಾ ಹೆಡ್ ಕೋಚ್‌ಗಳು ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ.

ಒಂದು ಕಾಲದಲ್ಲಿ ಹೀಗಿರಲಿಲ್ಲ. ಅಮೆರಿಕದ ಟ್ರ್ಯಾಕ್‌ಗೆ ತವರಿನಂತಿರುವ ಓರೆಗಾನ್ ವಿಶ್ವವಿದ್ಯಾಲಯವನ್ನೇ ನೋಡಿ. 1904ರಲ್ಲಿ ಬಿಲ್ ಹೇವರ್ಡ್ ಬಂದರು. ಯೂಜೀನ್‌ನ ಹೇವರ್ಡ್ ಫೀಲ್ಡ್ ಅವರದೇ ಹೆಸರಿನದು. ಅವರ ನಂತರ ಬಿಲ್ ಬೋವರ್‌ಮನ್, ನೈಕಿ ಕಂಪನಿ ಕಟ್ಟಿದವರಲ್ಲಿ ಒಬ್ಬರು. ಅವರ ನಂತರ ಬಿಲ್ ಡೆಲಿಂಜರ್, 1998ರವರೆಗೆ. ನಡುವೆ ಸ್ವಲ್ಪ ದಿನದ ಹಂಗಾಮಿ ವ್ಯವಸ್ಥೆ ಬಿಟ್ಟರೆ ಹೆಚ್ಚುಕಡಿಮೆ ಒಂದು ಶತಮಾನಕ್ಕೆ ಮೂರೇ ಜನ, ಮೂವರೂ ಬಿಲ್. ಆಮೇಲಿನ ಕಾಲು ಶತಮಾನದಲ್ಲಿ ಮಾರ್ಟಿನ್ ಸ್ಮಿತ್, ವಿನ್ ಲನಾನ, ರಾಬರ್ಟ್ ಜಾನ್ಸನ್, 2022ರಲ್ಲಿ ಜೆರ್ರಿ ಶುಮಾಕರ್: ನಾಲ್ವರು. ಲನಾನ ಅವರೊಬ್ಬರ ಹಾದಿ ಕೇಳಿ: ಡಾರ್ಟ್‌ಮತ್, ಸ್ಟ್ಯಾನ್‌ಫರ್ಡ್, ಓಬರ್ಲಿನ್, ಓರೆಗಾನ್, 2019ರಿಂದ ವರ್ಜೀನಿಯಾ. ಇದಕ್ಕೆ ಎದುರಾಗಿ ಆರ್ಕನ್ಸಾದ ಜಾನ್ ಮೆಕ್‌ಡಾನಲ್ 1972ರಿಂದ 2008ರವರೆಗೆ ಅದೇ ಊರಲ್ಲಿದ್ದು 40 ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಅಂಥವರು ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ, ಆದರೆ ಅವರನ್ನು ನೋಡಿ ಲೆಕ್ಕ ಹಾಕುವಂತಿಲ್ಲ.

ನಿಮ್ಮ ಕೋಚ್ ಜುಲೈನಲ್ಲೇ ಹೋದದ್ದು ಕಾಕತಾಳೀಯವಲ್ಲ. ಕ್ರಾಸ್ ಕಂಟ್ರಿ, ಒಳಾಂಗಣ, ಹೊರಾಂಗಣ ಎಂದು ಮೂರು ಸೀಸನ್ ಸೇರಿ ಇಲ್ಲಿ ಟ್ರ್ಯಾಕ್ ಕೋಚ್‌ಗೆ ಬಿಡುವೇ ಇಲ್ಲ. ಜೂನ್ ಮಧ್ಯದಲ್ಲಿ ರಾಷ್ಟ್ರೀಯ ಹೊರಾಂಗಣ ಕೂಟ ಮುಗಿಯುತ್ತದೆ, ಬಹುಪಾಲು ವಿಶ್ವವಿದ್ಯಾಲಯಗಳ ಆರ್ಥಿಕ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಆಗಸ್ಟ್ ಕೊನೆಗೆ ಮಕ್ಕಳು ವಾಪಸ್ ಬರುತ್ತಾರೆ. ಈ ಎಂಟು ಹತ್ತು ವಾರಗಳಲ್ಲೇ ರಾಜೀನಾಮೆ, ವಜಾ, ನೇಮಕ ಎಲ್ಲ ಆಗಬೇಕು. ಸರ್ಕಾರಿ ವಿಶ್ವವಿದ್ಯಾಲಯಗಳು ಹುದ್ದೆಯನ್ನು ಜಾಹೀರಾತು ಮಾಡಿ ಇಂತಿಷ್ಟು ದಿನ ತೆರೆದಿಡಬೇಕು. ಕೋಚ್‌ಗಳ ಸಂಘದ ವೆಬ್‌ಸೈಟಿನಲ್ಲಿ ನೀವು ಆ ಜಾಹೀರಾತುಗಳನ್ನು ಓದಬಹುದು. ಕೆಲವಂತೂ ಎಷ್ಟು ಕಟ್ಟುನಿಟ್ಟಾದ ಅರ್ಹತೆ ಕೇಳಿರುತ್ತವೆಂದರೆ, ಯಾರಿಗಾಗಿ ಬರೆದದ್ದೆಂದು ಒಳಗಿನವರಿಗೆ ಓದುತ್ತಲೇ ಗೊತ್ತಾಗುತ್ತದೆ. ನಿಜವಾದ ಮಾತುಕತೆ ಕೂಟದ ವಾರ್ಮ್‌ಅಪ್ ಟ್ರ್ಯಾಕಿನ ಬೇಲಿಗೆ ಒರಗಿಕೊಂಡು ಆಗಿರುತ್ತದೆ, ಇಲ್ಲವೇ ಡಿಸೆಂಬರಿನಲ್ಲಿ ನಡೆಯುವ ಸಂಘದ ಸಮ್ಮೇಳನದ ಹೋಟೆಲ್ ಮೊಗಸಾಲೆಯಲ್ಲಿ.

ಒಂದು ಜಾಗ ಖಾಲಿಯಾದರೆ ಸರಪಳಿಯೇ ಅಲುಗುತ್ತದೆ. 2021ರ ಜೂನ್‌ನಲ್ಲಿ ಕ್ಯಾರಿಲ್ ಸ್ಮಿತ್ ಗಿಲ್ಬರ್ಟ್ ಅವರ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಮಹಿಳಾ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು, ಅವರ ಕೈಯಲ್ಲಿ ಅದು ಎರಡನೆಯದು. ಅದೇ ತಿಂಗಳು ಅವರು ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ಹೊರಟರು. ಜಾರ್ಜಿಯಾದಲ್ಲಿದ್ದ ಪೆಟ್ರೋಸ್ ಕಿಪ್ರಿಯಾನು ಇಲಿನಾಯ್‌ಗೆ ಹೋದರು. ಯುಎಸ್‌ಸಿಯಲ್ಲಿ ಸಹಾಯಕರಾಗಿದ್ದ 1992ರ ಒಲಿಂಪಿಕ್ 400 ಮೀಟರ್ ಚಾಂಪಿಯನ್ ಕ್ವಿನ್ಸಿ ವಾಟ್ಸ್ ಮುಖ್ಯ ಕೋಚ್ ಆದರು. ಒಂದೇ ಬೇಸಿಗೆಯಲ್ಲಿ ಮೂರು ವಿಶ್ವವಿದ್ಯಾಲಯ. ಹೋದವರಿಗೂ ಬಂದವರಿಗೂ ನಷ್ಟವಾಗಲಿಲ್ಲ ಅನ್ನುವುದನ್ನು ಗಮನಿಸಿ: 2025ರಲ್ಲಿ ಜಾರ್ಜಿಯಾದ ಮಹಿಳೆಯರು ಹೊರಾಂಗಣ ಪ್ರಶಸ್ತಿ ಗೆದ್ದರು, ಯುಎಸ್‌ಸಿಯ ಪುರುಷರು ಟೆಕ್ಸಾಸ್ ಎ ಅಂಡ್ ಎಂ ಜೊತೆ ಪ್ರಶಸ್ತಿ ಹಂಚಿಕೊಂಡರು. ಆ ಸರಪಳಿಯ ಮರುವರ್ಷ, ಅಂದರೆ 2022ರಲ್ಲಿ, ಡ್ವೇನ್ ರಾಸ್ ನಾರ್ತ್ ಕ್ಯಾರೊಲೈನಾ ಎ ಅಂಡ್ ಟಿ ಬಿಟ್ಟು ಟೆನೆಸೀಗೆ ಹೋದಾಗ ಆ ಜಾಗಕ್ಕೆ 1996ರ ಒಲಿಂಪಿಕ್ ಹರ್ಡಲ್ಸ್ ಚಾಂಪಿಯನ್ ಆಲನ್ ಜಾನ್ಸನ್ ಬಂದರು.

ಇವೆಲ್ಲ ಪತ್ರಿಕೆಯಲ್ಲಿ ಬರುವ ಹೆಡ್ ಕೋಚ್‌ಗಳ ಸುದ್ದಿ. ಇಲ್ಲಿ ಹೆಡ್ ಕೋಚ್ ಹೊರಟರೆಂದರೆ ದಿಬ್ಬಣವೇ ಹೊರಟ ಹಾಗೆ, ಸ್ಪ್ರಿಂಟ್ಸ್, ಜಂಪ್ಸ್, ಥ್ರೋಸ್ ಸಹಾಯಕರಲ್ಲಿ ಒಂದಿಬ್ಬರು ಹಿಂದೆಯೇ ಹೋಗುತ್ತಾರೆ. ಉಳಿದವರನ್ನು ಇಟ್ಟುಕೊಳ್ಳುವುದೂ ಬಿಡುವುದೂ ಹೊಸಬರ ಮರ್ಜಿ. ಮಗುವಿಗೆ ದಿನನಿತ್ಯ ಕಲಿಸುವವರು ಈ ಸಹಾಯಕರೇ, ಅತ್ಯಂತ ಕಡಿಮೆ ಭದ್ರತೆ ಇರುವುದೂ ಇವರಿಗೇ. ಹೆಡ್ ಕೋಚ್‌ಗೆ ನಾಲ್ಕೈದು ವರ್ಷದ ಒಪ್ಪಂದ ಇರಬಹುದು. ಸಹಾಯಕರದು ಬಹುತೇಕ ಕಡೆ ವರ್ಷ ವರ್ಷಕ್ಕೆ ನವೀಕರಣ. ತಂದೆ ತಾಯಿ ಕ್ಯಾಂಪಸ್ ನೋಡಲು ಹೋದಾಗ ಹೆಡ್ ಕೋಚ್ ಕೈಕುಲುಕಿದ್ದಕ್ಕೆ ಖುಷಿಪಡುತ್ತಾರೆ, ಜಂಪ್ಸ್ ಕೋಚಿನ ಒಪ್ಪಂದ ಯಾವಾಗ ಮುಗಿಯುತ್ತದೆ ಎಂದು ಕೇಳುವವರು ಕಡಿಮೆ. ಕೇಳಬಹುದು, ತಪ್ಪಲ್ಲ. ಸರ್ಕಾರಿ ವಿಶ್ವವಿದ್ಯಾಲಯವಾದರೆ ಸಿಬ್ಬಂದಿಯ ಸಂಬಳವೂ ಎಷ್ಟೋ ರಾಜ್ಯಗಳಲ್ಲಿ ಸಾರ್ವಜನಿಕ ದಾಖಲೆ.

ಹೋದ ಒಂದೆರಡು ವರ್ಷಗಳಲ್ಲಿ ಹುದ್ದೆಯೇ ಮಾಯವಾಗುವುದೂ ಶುರುವಾಗಿದೆ. 2025ರ ಜೂನ್ 6ರಂದು, ಅಥ್ಲೀಟುಗಳು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಪ್ರಕರಣದ ರಾಜಿಗೆ ಕೋರ್ಟು ಒಪ್ಪಿಗೆ ಕೊಟ್ಟಿತು. ಅದರ ಪ್ರಕಾರ ವಿಶ್ವವಿದ್ಯಾಲಯ ತನ್ನ ಅಥ್ಲೀಟುಗಳಿಗೆ ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ಹೆಚ್ಚಿನ ಕಡೆ ಅದರ ಸಿಂಹಪಾಲು ಫುಟ್‌ಬಾಲಿಗೆ, ಆಮೇಲೆ ಬಾಸ್ಕೆಟ್‌ಬಾಲಿಗೆ. ಆ ದುಡ್ಡು ಎಲ್ಲಿಂದಾದರೂ ಬರಬೇಕಲ್ಲ? ಹಿಂದೆ ಡಿವಿಷನ್ ಒನ್ ಟ್ರ್ಯಾಕಿನಲ್ಲಿ ಮಹಿಳೆಯರಿಗೆ 18, ಪುರುಷರಿಗೆ 12.6 ಪೂರ್ಣ ಸ್ಕಾಲರ್‌ಶಿಪ್ ಎಂಬ ಮಿತಿ ಇತ್ತು, ಅದನ್ನೇ ಚೂರು ಚೂರು ಮಾಡಿ ಹಂಚುತ್ತಿದ್ದರು. ನಿಮ್ಮ ಮಗಳ 'ಅರ್ಧ' ಬಂದದ್ದು ಆ ಪದ್ಧತಿಯಿಂದ. ಈಗ ರಾಜಿಗೆ ಒಳಪಟ್ಟ ಕಡೆ ಸ್ಕಾಲರ್‌ಶಿಪ್ ಮಿತಿ ಹೋಗಿ ತಂಡದ ಗಾತ್ರಕ್ಕೆ ಮಿತಿ ಬಂದಿದೆ, ಟ್ರ್ಯಾಕಿಗೆ 45 ಜನ. ಹಣವಿದ್ದವರು 45 ಜನಕ್ಕೂ ಕೊಡಬಹುದು. ಇಲ್ಲದವರು ಕಡಿತ ಮಾಡುತ್ತಾರೆ. ಅದೇ ಜೂನ್‌ನಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯ ತನ್ನ ಫೀಲ್ಡ್ ಸ್ಪರ್ಧೆಗಳನ್ನೇ ನಿಲ್ಲಿಸಿತು. ದೂರದ ಓಟವೇ ಮುಖ್ಯ, ಜಿಗಿತ ಎಸೆತ ಇಲ್ಲ. ಅಲ್ಲಿ ನಿಮ್ಮ ಮಗಳಂಥ ಹುಡುಗಿಯೂ ಅವಳ ಕೋಚೂ ಒಂದೇ ದಿನ ಹೊರಗೆ. ಇಂಥ ಕಡಿತ ಕೋವಿಡ್ ಕಾಲದಲ್ಲೂ ಆಗಿತ್ತು. ಬ್ರೌನ್, ಕ್ಲೆಮ್ಸನ್ ಎರಡೂ ಪುರುಷರ ಟ್ರ್ಯಾಕ್ ತಂಡ ಮುಚ್ಚಲು ಹೊರಟು, ವಿರೋಧ ಬಂದ ಮೇಲೆ ಹಿಂದೆ ಸರಿದವು. ಸೆಂಟ್ರಲ್ ಮಿಶಿಗನ್ ಮುಚ್ಚಿಯೇ ಬಿಟ್ಟಿತು. ಇದನ್ನೆಲ್ಲ ಕಂಡ ಕೋಚ್, ಸ್ವಲ್ಪ ಗಟ್ಟಿಯಾದ ಜಾಗದಿಂದ ಕರೆ ಬಂದರೆ ಹೂಂ ಅನ್ನದೇ ಏನು ಮಾಡುತ್ತಾರೆ?

ಈಗ ನಿಮ್ಮ ಮಗಳ ಮಾತಿಗೆ ಬರೋಣ. ಅವಳು ಸೇರಿದ್ದು ವಿಶ್ವವಿದ್ಯಾಲಯಕ್ಕೆ, ಕೋಚ್‌ಗಲ್ಲ. ಅಥ್ಲೀಟುಗಳು ಸೇರುವಾಗ ಸಹಿ ಹಾಕುತ್ತಿದ್ದ, 2024ರ ಅಕ್ಟೋಬರಿನಲ್ಲಿ ರದ್ದಾದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್‌ನಲ್ಲಿ ಈ ಮಾತನ್ನು ಬರೆದೇ ಇಟ್ಟಿದ್ದರು. ಪತ್ರ ರದ್ದಾದರೂ ತತ್ವ ಹಾಗೆಯೇ ಇದೆ. ಕೋಚ್ ಹೋದರೆಂದು ಅವಳ ಸ್ಕಾಲರ್‌ಶಿಪ್ ಈ ವರ್ಷಕ್ಕೆ ಹೋಗುವುದಿಲ್ಲ. ಆದರೆ ಅವಳು ಪೋರ್ಟಲ್‌ಗೆ ಹೆಸರು ಕೊಟ್ಟ ಕ್ಷಣದಿಂದ ಲೆಕ್ಕ ಬೇರೆ. ಆ ಸೆಮಿಸ್ಟರ್ ಮುಗಿದ ಮೇಲೆ ಹಣಕಾಸಿನ ನೆರವು ನಿಲ್ಲಿಸುವ ಅಧಿಕಾರ ಹಳೆಯ ವಿಶ್ವವಿದ್ಯಾಲಯಕ್ಕೆ ಬರುತ್ತದೆ, ಅವಳ ಜಾಗಕ್ಕೆ ಇನ್ನೊಬ್ಬಳನ್ನು ತೆಗೆದುಕೊಳ್ಳಬಹುದು. 'ಸುಮ್ಮನೆ ಹೆಸರು ಹಾಕಿ ನೋಡೋಣ, ಯಾರು ಕರೆಯುತ್ತಾರೋ' ಎನ್ನುವುದು ಟ್ರ್ಯಾಕಿನಲ್ಲಿ ಬಹಳ ದುಬಾರಿ ಪ್ರಯೋಗ. ಪೋರ್ಟಲ್‌ನಲ್ಲಿ ಹೆಸರು ಹಾಕಿ ಎಲ್ಲಿಯೂ ಜಾಗ ಸಿಗದೆ ಉಳಿದ ಮಕ್ಕಳನ್ನು ಪ್ರತಿ ವರ್ಷ ಕಾಣುತ್ತೇನೆ.

ಇನ್ನೊಂದು ತಪ್ಪು ತಿಳಿವಳಿಕೆ: ಕೋಚ್ ಬಿಟ್ಟರೆ ವರ್ಗಾವಣೆಗೆ ವಿಶೇಷ ಅವಕಾಶವಿದೆ ಎಂದು ಯಾರಾದರೂ ನಿಮಗೆ ಹೇಳಿರಬಹುದು. ಆ ವಿಶೇಷ ಅವಧಿ ಇರುವುದು ಹೆಡ್ ಕೋಚ್ ಹೋದಾಗ. ಸಹಾಯಕ ಕೋಚ್ ಹೋದರೆ ಆ ಬಾಗಿಲು ತೆರೆಯುವುದಿಲ್ಲ, ಮಾಮೂಲಿ ಅವಧಿಗೇ ಕಾಯಬೇಕು. ಈ ದಿನಾಂಕಗಳು ಪದೇ ಪದೇ ಬದಲಾಗುತ್ತಿವೆ. 2018ರಲ್ಲಿ ಪೋರ್ಟಲ್ ಬಂತು, 2021ರಲ್ಲಿ ಒಂದು ಸಲ ಬದಲಾದರೆ ತಕ್ಷಣ ಆಡಬಹುದು ಎಂದಾಯಿತು, 2024ರಲ್ಲಿ ಓದಿನ ಅರ್ಹತೆ ಇದ್ದರೆ ಎಷ್ಟು ಸಲವಾದರೂ ಸರಿ ಎಂದಾಯಿತು. ಆದ್ದರಿಂದ ಸ್ನೇಹಿತರ ವಾಟ್ಸ್‌ಆ್ಯಪ್ ಗುಂಪಿನ ಮಾತು ಬಿಟ್ಟು ಅವಳ ಕಾಲೇಜಿನ ಕಂಪ್ಲಯನ್ಸ್ ಆಫೀಸಿನಲ್ಲಿ (ಕ್ರೀಡಾ ನಿಯಮಗಳನ್ನು ನೋಡಿಕೊಳ್ಳುವ ಕಚೇರಿ) ಕೇಳಿ ಬರಲಿ. ಕೇಳಿದ ಮಾತ್ರಕ್ಕೆ ಹೆಸರು ಪೋರ್ಟಲ್‌ಗೆ ಹೋಗುವುದಿಲ್ಲ.

ಓದಿನ ಕಡೆಯಿಂದಲೂ ನೋಡಬೇಕು, ಅದರಲ್ಲೂ ಬಯೋಮೆಡಿಕಲ್ ಎಂಜಿನಿಯರಿಂಗ್. ಡಿವಿಷನ್ ಒನ್ ಅಥ್ಲೀಟ್ ಎರಡನೇ ವರ್ಷದ ಕೊನೆಗೆ ಡಿಗ್ರಿಯ ಶೇಕಡ 40, ಮೂರನೆಯದರ ಕೊನೆಗೆ 60, ನಾಲ್ಕನೆಯದರ ಕೊನೆಗೆ 80 ಮುಗಿಸಿರಬೇಕು, ಇಲ್ಲದಿದ್ದರೆ ಸ್ಪರ್ಧಿಸುವಂತಿಲ್ಲ. ಹೊಸ ಕಾಲೇಜು ಹಳೆಯ ಲ್ಯಾಬ್ ಕೋರ್ಸ್‌ಗಳನ್ನು 'ಐಚ್ಛಿಕ' ಎಂದು ಮಾತ್ರ ಒಪ್ಪಿಕೊಂಡರೆ ಅವು ಡಿಗ್ರಿಯ ಲೆಕ್ಕಕ್ಕೆ ಬರುವುದಿಲ್ಲ. ಇತಿಹಾಸವೋ ಸಂವಹನವೋ ಓದುವವರಿಗೆ ಇದು ಸಣ್ಣ ತಲೆನೋವು, ಎಂಜಿನಿಯರಿಂಗ್‌ನವರಿಗೆ ಒಂದು ವರ್ಷವೇ ಹೋಗಬಹುದು.

ಹಾಗಿದ್ದರೆ ಉಳಿಯಲೇಬೇಕೇ? ಅದು ಬರುವ ಕೋಚ್ ಮೇಲೆ. ಟ್ರಿಪಲ್ ಜಂಪ್‌ನಲ್ಲಿ ಈ ಪ್ರಶ್ನೆ ಸ್ವಲ್ಪ ಗಂಭೀರ. ನೂರು ಮೀಟರ್ ಓಟಗಾರ್ತಿ ಹೊಸ ಕೋಚ್‌ಗೆ ಒಂದೆರಡು ತಿಂಗಳಲ್ಲಿ ಒಗ್ಗಿಕೊಳ್ಳಬಹುದು. ಟ್ರಿಪಲ್ ಜಂಪರ್‌ಗೆ ಓಟದ ಹೆಜ್ಜೆ ಎಷ್ಟು, ಮಧ್ಯದ ಗುರುತು ಎಲ್ಲಿ, ಮೊದಲ ಜಿಗಿತವಾದ ಹಾಪ್‌ಗೆ ಎಷ್ಟು ಉದ್ದ ಕೊಟ್ಟು ಎರಡನೆಯದಾದ ಸ್ಟೆಪ್‌ಗೆ ಎಷ್ಟು ಉಳಿಸಿಕೊಳ್ಳಬೇಕು ಎಲ್ಲವೂ ಕೋಚ್ ಜೊತೆ ಸೇರಿ ಕಟ್ಟಿದ್ದು. ಒಬ್ಬರು ಎರಡೂ ತೋಳು ಒಟ್ಟಿಗೆ ಬೀಸುವುದನ್ನು ಕಲಿಸಿರುತ್ತಾರೆ, ಇನ್ನೊಬ್ಬರು ಬಂದು ಓಟದಲ್ಲಿ ಬೀಸುವ ಹಾಗೆ ಒಂದೊಂದೇ ತೋಳು ಬೀಸು ಎನ್ನುತ್ತಾರೆ. ಎರಡೂ ಸರಿಯೇ, ಎರಡು ದಾರಿಯಿಂದಲೂ ವಿಶ್ವ ಚಾಂಪಿಯನ್‌ಗಳು ಬಂದಿದ್ದಾರೆ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ದೂರ ಮೊದಲು ಕಡಿಮೆಯಾಗುತ್ತದೆ, ಹಲಗೆಯ ಮೇಲೆ ಫೌಲ್ ಹೆಚ್ಚಾಗುತ್ತದೆ, ಹಿಮ್ಮಡಿಗೂ ಮೊಣಕಾಲಿಗೂ ಹೊಸ ಹೊರೆ ಬೀಳುತ್ತದೆ. ಹಾಗಾಗಿ ಹೊಸ ಕೋಚ್ ಮೊದಲ ಭೇಟಿಯಲ್ಲೇ 'ಎಲ್ಲ ಬದಲಿಸೋಣ' ಎಂದರೆ ನನಗೆ ಅನುಮಾನ ಬರುತ್ತದೆ. 'ಹೋದ ವರ್ಷದ ವಿಡಿಯೋ ತೋರಿಸು' ಎಂದು ಕೇಳುವವರು ಸಿಕ್ಕರೆ ಉಳಿಯುವುದು ಒಳ್ಳೆಯದು. ಅದಕ್ಕೇ ಹೇಳುವುದು, ಅವಳ ತರಬೇತಿಯ ದಿನಚರಿ, ಜಿಗಿತದ ವಿಡಿಯೋ, ಓಟದ ಅಳತೆ ಎಲ್ಲವನ್ನೂ ಇವತ್ತೇ ತನ್ನ ಬಳಿ ನಕಲು ಮಾಡಿಟ್ಟುಕೊಳ್ಳಲಿ. ಹೋದ ಕೋಚಿನ ಅಕೌಂಟ್ ಮುಚ್ಚಿದರೆ ಅದರ ಜೊತೆ ಅವೂ ಹೋಗುತ್ತವೆ.

ಕೋಚ್ ಹಿಂದೆ ಹೋಗುವುದು ತಪ್ಪು ಅಂತಲ್ಲ. ಆದರೆ ಆ ಹೊಸ ವಿಶ್ವವಿದ್ಯಾಲಯ ಇವರನ್ನು ಯಾಕೆ ತಂದಿತು ಎಂದು ಯೋಚಿಸಿ. ರಾಷ್ಟ್ರೀಯ ಕೂಟದಲ್ಲಿ ಮೊದಲ ಎಂಟು ಜನಕ್ಕೆ ಮಾತ್ರ ಅಂಕ: 10, 8, 6, 5, 4, 3, 2, 1. ಮೂರ್ನಾಲ್ಕು ಅಥ್ಲೀಟುಗಳು ಮೇಲೆ ಬಂದರೆ ತಂಡದ ಸ್ಥಾನವೇ ಬದಲಾಗುತ್ತದೆ. ಆದ್ದರಿಂದ ಹೊಸ ಕೋಚ್‌ಗೆ ಅಲ್ಲಿ ತಕ್ಷಣ ಅಂಕ ತರುವವರು ಬೇಕು, ಬಹಳಷ್ಟು ಸಲ ವಿದೇಶದಿಂದ ಬಂದ, ಇಪ್ಪತ್ತು ದಾಟಿದ, ಈಗಾಗಲೇ ಹದಿಮೂರುವರೆ ಮೀಟರ್ ಜಿಗಿಯುವವರು. ನಿಮ್ಮ ಮಗಳು ಹೊಸ ಜಾಗದಲ್ಲಿ ಆ ಪಟ್ಟಿಯಲ್ಲಿ ಎಷ್ಟನೆಯವಳು? ಇದನ್ನು ಲೆಕ್ಕ ಹಾಕದೆ ಪ್ರೀತಿಯ ಮೇಲೆ ಹೋದವರು ಮರುವರ್ಷ 45ರ ಗೆರೆಯ ಹೊರಗೆ ನಿಂತಿರುತ್ತಾರೆ. ಅಲ್ಲದೆ ಒಂದು ಸಲ ಏಣಿ ಹತ್ತಿದ ಕೋಚ್ ಇನ್ನೊಂದು ಸಲ ಹತ್ತುವುದಿಲ್ಲ ಎಂದು ಯಾರು ಬರೆದುಕೊಟ್ಟಿದ್ದಾರೆ?

ಒಬ್ಬರೇ ಕೋಚ್ ಕೆಳಗೆ ನೆಮ್ಮದಿಯಾಗಿ ಬೆಳೆದ ನಮ್ಮವರ ಉದಾಹರಣೆಯೂ ಇದೆ. ಹೈಜಂಪರ್ ತೇಜಸ್ವಿನ್ ಶಂಕರ್ ದೆಹಲಿಯಿಂದ ಕಾನ್ಸಾಸ್ ಸ್ಟೇಟ್‌ಗೆ ಹೋಗಿ, 2018ರಲ್ಲೂ 2022ರಲ್ಲೂ ಎನ್‌ಸಿಎಎ ಹೊರಾಂಗಣ ಚಾಂಪಿಯನ್ ಆದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕ್ಲಿಫ್ ರೊವೆಲ್ಟೊ, 1992ರಿಂದ ಅಲ್ಲೇ ಹೆಡ್ ಕೋಚ್ ಆಗಿದ್ದವರು, ಹೈಜಂಪ್ ಕಲಿಸುವವರೂ ಅವರೇ. 2023ರಲ್ಲಿ ಅಲ್ಲಿಯೂ ಕೋಚ್ ಬದಲಾದರು. ತೇಜಸ್ವಿನ್ ಅಷ್ಟರಲ್ಲಿ ಮುಗಿಸಿದ್ದರು. ಕಲಿಸುವವರೇ ಹೆಡ್ ಕೋಚ್ ಆಗಿರುವ ಜಾಗ ಸಿಕ್ಕಿದರೆ ಎಷ್ಟೋ ವಾಸಿ. ನಿಮಗೆ ಇನ್ನೊಂದು ಮಗು ಇದ್ದು, ಅದೂ ಶಾಟ್‌ಪುಟ್ ಹಿಡಿದರೆ ಇದನ್ನು ನೆನಪಿಟ್ಟುಕೊಳ್ಳಿ. ಭಾರತದಿಂದ ನೇರವಾಗಿ ಎಫ್-1 ವೀಸಾದಲ್ಲಿ ಬರುವ ಮಕ್ಕಳಿಗಂತೂ ಕಾಲೇಜು ಬದಲಿಸಿದರೆ ವೀಸಾಗೆ ಆಧಾರವಾದ, ಕಾಲೇಜು ಕೊಡುವ ಐ-20 ಪತ್ರವೂ ಹೊಸದಾಗಿ ಆಗಬೇಕು, ಅವರು ಕೋಚ್‌ಗಿಂತ ಮೊದಲು ವಿದೇಶಿ ವಿದ್ಯಾರ್ಥಿಗಳ ಆಫೀಸಿಗೆ ಹೋಗುವುದು ಕ್ಷೇಮ.

ನನ್ನ ಸಲಹೆ ಇಷ್ಟು: ಆಗಸ್ಟ್‌ವರೆಗೆ ಕಾಯಿರಿ. ಹೊಸ ಜಂಪ್ಸ್ ಕೋಚ್ ಹೆಸರು ಬಂದ ಮೇಲೆ ಅವರು ಹಿಂದೆ ತಯಾರು ಮಾಡಿದ ಟ್ರಿಪಲ್ ಜಂಪರ್‌ಗಳು ಮೊದಲ ವರ್ಷ ಎಷ್ಟು ಜಿಗಿದಿದ್ದರು, ಮೂರನೇ ವರ್ಷ ಎಷ್ಟು ಎಂದು ನೋಡಿ, ಫಲಿತಾಂಶಗಳೆಲ್ಲ ಆನ್‌ಲೈನ್‌ನಲ್ಲಿ ಸಿಗುತ್ತವೆ. ಗಾಯ ಮಾಡಿಕೊಂಡು ಮಾಯವಾದ ಹೆಸರುಗಳನ್ನೂ ಎಣಿಸಿ. ಡಿಸೆಂಬರಿನ ಹೊತ್ತಿಗೆ ಒಳಾಂಗಣ ಸೀಸನ್ ಶುರುವಾಗುತ್ತದೆ, ಅಷ್ಟರಲ್ಲಿ ಮಗಳಿಗೇ ಗೊತ್ತಾಗುತ್ತದೆ.

ಆ ಖಾರದ ಮೇಲ್ ಕಳಿಸಬೇಡಿ. ಹತ್ತೊಂಬತ್ತರ ಹುಡುಗಿಯ ಪರವಾಗಿ ಅಮ್ಮ ಬರೆದ ಪತ್ರ ಕೋಚ್‌ಗಳ ಕೋಣೆಯಲ್ಲಿ ಒಳ್ಳೆಯ ಹೆಸರು ತರುವುದಿಲ್ಲ, ಹೆಡ್ ಕೋಚ್ ಈಗ ಖಾಲಿ ಹುದ್ದೆ ತುಂಬುವ ಗಡಿಬಿಡಿಯಲ್ಲಿಯೂ ಇರುತ್ತಾರೆ. ಮಗಳೇ ನಾಲ್ಕು ಸಾಲು ಬರೆಯಲಿ: ಹೊಸ ಕೋಚ್ ಯಾವಾಗ ಬರಬಹುದು, ಅಲ್ಲಿಯವರೆಗೆ ನನ್ನ ಬೇಸಿಗೆ ತರಬೇತಿಯನ್ನು ಯಾರು ನೋಡುತ್ತಾರೆ, ಅಂತಿಮ ಅಭ್ಯರ್ಥಿಗಳು ಕ್ಯಾಂಪಸ್‌ಗೆ ಬಂದಾಗ ಜಂಪರ್‌ಗಳಿಗೂ ಭೇಟಿ ಮಾಡಲು ಅವಕಾಶ ಇದೆಯೇ. ಕೊನೆಯದನ್ನು ತಪ್ಪದೆ ಕೇಳಲಿ. ಎಷ್ಟೋ ಕಡೆ ಅಥ್ಲೀಟುಗಳನ್ನು ಅರ್ಧ ಗಂಟೆ ಕೂರಿಸಿ ಅಭ್ಯರ್ಥಿಯ ಜೊತೆ ಮಾತಾಡಿಸುತ್ತಾರೆ, ಕೇಳಿದವರನ್ನು ಮೊದಲು ಕರೆಯುತ್ತಾರೆ.